ಯಾವುದಕ್ಕ ತಕ್ಕಂಗ?

ಹೋದ ತಿಂಗಳು ರಾಣೆಬೆನ್ನೂರಿಂದ ನಮ್ಮ ಅಕ್ಕ ವಾಟ್ಸಾಪಿಗೆ ಒಂದು ಕಾಗದದ ಫೋಟೋ ಕಳಿಸಿದ್ಲು. ಅದರ ಬೆನ್ನಿಗೇ ಫೋನ್ ಬಂತು. "ತಂಗಿ, ಇದರಾಗ ಪ್ರಪೋರ್ಷನೇಟ್ ಅಂತ ಒಂದು ಶಬ್ದ ಐತಿ ನೋಡು. ಹಂಗಂದ್ರ ಏನು? ಅದೊಂದು ಶಬ್ದಕ್ಕ ನಂದು ನಲವತ್ನಾಕು ಸಾವಿರ ಹೋಗೈತಿ."

ನಾನು ಹಾವೇರ್ಯಾಗ ನಮ್ಮ ಅಡಿಗಿಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದೆ, ಕೈ ತುಂಬ ಹಿಟ್ಟು. ಇಂಗ್ಲಿಷ್ ಬರ್ತೈತಿ ಅಂತ ನಮ್ಮ ಕಡಿ ಎಲ್ಲಾರೂ ಇಂಥಾ ಕಾಗದ ನನಗ ಕಳಸ್ತಾರ. ನಾನೂ ಗತ್ತಿನಿಂದ "ಪ್ರಮಾಣಕ್ಕ ತಕ್ಕಂಗ ಅಂತ ಅಕ್ಕಾ" ಅಂದೆ. ಆಕಿ ಒಂದು ಗಳಿಗಿ ಸುಮ್ನಿದ್ಲು. ಆಮ್ಯಾಲ ಕೇಳಿದ್ಲು, "ಯಾವುದಕ್ಕ ತಕ್ಕಂಗ?"

ನನಗ ಉತ್ತರ ಬರಲಿಲ್ಲ. ಹಂಚಿನ ಮ್ಯಾಲಿದ್ದ ರೊಟ್ಟಿ ಸೀದು ಹೋತು.

ಅಕ್ಕ ಏಳನೇ ಇಯತ್ತೆ ತನಕ ಕಲ್ತಾಕಿ, ನಾನು ಬಿ.ಎ. ಮಾಡಿದಾಕಿ. ಆದ್ರ ಆ ಶಬ್ದ ಆಕಿಗೆ ತಿಳಿದಷ್ಟು ನನಗ ತಿಳಿದಿರಲಿಲ್ಲ ಅಂತ ಈಗ ಅನಸ್ತೈತಿ. ನಾ ಹೇಳಿದ್ದು ಡಿಕ್ಷನರಿ ಉತ್ತರ. ಆ ಶಬ್ದದಾಗ ಏನು ಕಾಣೆ ಆಗೈತಿ ಅನ್ನೂದನ್ನ ಹಿಡಿದಾಕಿ ಅಕ್ಕ. ನಮ್ಮ ನಿಮ್ಮ ಮನಿಗೆ ಬರೂ ಎಷ್ಟೋ ಕಾಗದದಾಗ ಈ ಶಬ್ದ ಕುಂತಿರ್ತೈತಿ: ವಿಮಾದವರ ಪತ್ರ, ಅಪಾರ್ಟ್‌ಮೆಂಟಿನ ನೀರಿನ ಲೆಕ್ಕ, ಆಸ್ತಿ ಹಂಚಿಕಿ ಕರಾರು. ಅದಕ್ಕ ಇವತ್ತು ಇದರ ಬಗ್ಗೆ ಒಂದೀಟು ಮಾತಾಡೂಣು.

ನಮ್ಮ ಮಾತಿನಾಗ 'ತಕ್ಕ' ಅನ್ನೂದು ಒಂಟಿ ನಿಲ್ಲೂದು ಕಡಿಮಿ. ಅದರ ಮುಂದ ಒಂದು 'ಕ್ಕ'ನೋ 'ಗೆ'ನೋ ಬಂದ ಬರ್ತೈತಿ. ದುಡಿಮಿಗೆ ತಕ್ಕ ಕೂಲಿ, ಮೈಗೆ ತಕ್ಕ ಅಂಗಿ, ತಾಳಕ್ಕ ತಕ್ಕ ಕುಣಿತ. 2024ರ ಮಾರ್ಚ್ 11ಕ್ಕ ಬ್ಯಾಡಗಿ ಮಾರ್ಕೆಟ್‌ನ್ಯಾಗ ಮೆಣಸಿನಕಾಯಿ ರೇಟ್ ಒಮ್ಮಿಂದೊಮ್ಮೆ ಬಿತ್ತಂತ ಗದ್ದಲ ಆಗಿ ಗಾಡಿಗೆ ಬೆಂಕಿ ಹಚ್ಚಿದ್ರಲ್ಲ, ಬೆಂಕಿ ಹಚ್ಚಿದ್ದು ತಪ್ಪು ಖರೆ, ಆದ್ರ ರೈತರ ಹೊಟ್ಟ್ಯಾಗಿನ ಸಿಟ್ಟು ಒಂದ ಮಾತಿನ್ಯಾಗ ಹೇಳಬಹುದಿತ್ತು: ಬೆಳಿಗೆ ತಕ್ಕ ಬೆಲಿ ಇಲ್ಲ. ಏನು, ಯಾವುದಕ್ಕ, ಎರಡೂ ಅದರಾಗ ಬಂತು. 'ಅವಂಗ ತಕ್ಕ ಶಾಸ್ತಿ ಆತು' ಅಂತ ಸುಮ್ಮನೂ ಅಂತೀವಿ. ಆದ್ರ ಅಲ್ಲಿ ಅವ ಏನ್ ಮಾಡ್ಯಾನ ಅನ್ನೂದು ಹೇಳೋರಿಗೂ ಕೇಳೋರಿಗೂ ಮೊದಲ ಗೊತ್ತಿರ್ತೈತಿ.

ಇಂಗ್ಲಿಷಿನಾಗೂ ಈ ಶಬ್ದಕ್ಕ 'ಟು' ಅಂತ ಒಂದು ಬಾಲ ಐತಿ. ಪ್ರಪೋರ್ಷನೇಟ್ ಟು, ಅಂದ್ರ ಇಂಥಾದ್ದಕ್ಕ ತಕ್ಕಂಗ. ಆದ್ರ ಅಲ್ಲಿ ಬಾಲ ಕತ್ತರಿಸಿದ್ರೂ ವಾಕ್ಯ ನೆಟ್ಟಗ ನಿಲ್ತೈತಿ. ಪ್ರಪೋರ್ಷನೇಟ್ ಡಿಡಕ್ಷನ್, ಪ್ರಪೋರ್ಷನೇಟ್ ಶೇರ್, ಪ್ರಪೋರ್ಷನೇಟ್ ಚಾರ್ಜಸ್. ಓದಾಕ ಭಾಳ ನ್ಯಾಯದ ಮಾತು ಅನಸ್ತೈತಿ. ಯಾವುದಕ್ಕ ಅನ್ನೂದು ಮಾತ್ರ ಬ್ಯಾರೆ ಯಾವುದೋ ಪುಟದಾಗ, ಸಣ್ಣ ಅಕ್ಷರದಾಗ ಇರ್ತೈತಿ. ನನ್ನ ತಕರಾರು ಇರೂದು ಶಬ್ದದ ಮ್ಯಾಲ ಅಲ್ಲ, ಆ ಕತ್ತರಿಸಿದ ಬಾಲದ ಮ್ಯಾಲ.

ಅಕ್ಕನ ಲೆಕ್ಕ ಹೇಳ್ತೀನಿ, ಕೇಳ್ರಿ. ನಿಮ್ಮ ಮನಿ ಪಾಲಿಸಿನೂ ಹಂಗ ಇರಬಹುದು.

ಆಕಿಗೆ ಪಿತ್ತಕೋಶದಾಗ ಕಲ್ಲಾಗಿತ್ತು. ದಾವಣಗೆರಿಗೆ ಹೋಗಿ ಆಪರೇಷನ್ ಮಾಡಿಸಿದ್ರು. ಮೂರು ಲಕ್ಷದ ಪಾಲಿಸಿ ಇತ್ತು. ರೂಮಿನ ಬಾಡಿಗಿಗೆ ದಿನಕ್ಕ ಒಂದು ಪರ್ಸೆಂಟ್, ಅಂದ್ರ 3,000 ರೂಪಾಯಿ ತನಕ ಕೊಡ್ತೀವಿ ಅಂತ ಅದರಾಗ ಬರದಿತ್ತು. ಆಸ್ಪತ್ರ್ಯಾಗ 5,000ದ ರೂಮು ಚಲೋ ಇತ್ತು. ಜೋಡಿ ಇರೋರಿಗೆ ಮಲಗಾಕ ಮಂಚ, ಬಿಸಿನೀರು, ಎಲ್ಲಾ. ಭಾವ ನನಗ ಫೋನ್ ಹಚ್ಚಿ ಕೇಳಿದ್ರು. "ಮ್ಯಾಲಿನ ಎರಡು ಸಾವಿರ ನಾವು ಕೈಯಿಂದ ಕೊಟ್ರಾತು, ನಾಕು ದಿನಕ್ಕ ಎಂಟು ಸಾವಿರ, ಹೌದಿಲ್ಲೋ?" ನಾನು ಹೌದ್ರಿ ಭಾವ ಅಂದೆ. ಪಾಲಿಸಿ ಕಾಗದ ನನ್ನ ಫೋನಿನಾಗ ಇತ್ತು. ಓದಿರಲಿಲ್ಲ.

ಒಟ್ಟು ಬಿಲ್ 1,40,000. ಅದರಾಗ ರೂಮು 20,000. ಡಾಕ್ಟರು, ಅರವಳಿಕೆ, ಆಪರೇಷನ್ ಥೇಟರ್, ನರ್ಸಿಂಗ್ ಕೂಡಿ 90,000. ಔಷಧ, ಸ್ಕ್ಯಾನಿಂಗ್, ರಕ್ತಪರೀಕ್ಷಾ 30,000. ನಾವು ತಿಳಕೊಂಡಿದ್ದು ಎಂಟು ಸಾವಿರ ಕಡೀತಾರ, ಉಳಿದ 1,32,000 ಬರ್ತೈತಿ ಅಂತ. ಬಂದದ್ದು 96,000. ಕಾಗದದಾಗ ಕಾರಣ ಎರಡ ಶಬ್ದ: ಪ್ರಪೋರ್ಷನೇಟ್ ಡಿಡಕ್ಷನ್.

ಕ್ಯಾಲೆಂಡರ್ ಹಾಳಿ ಹರಿದು ಅದರ ಹಿಂದ ಲೆಕ್ಕ ಹಾಕಿದ ಮ್ಯಾಲ ನನಗ ತಿಳೀತು. 5,000ದ ರೂಮಿಗೆ ಕಂಪನಿ ಕೊಡೂದು 3,000, ಅಂದ್ರ ನೂರಕ್ಕ ಅರವತ್ತು. ಆ ಅರವತ್ತನ್ನ ಅವ್ರು ರೂಮಿನ ಬಾಡಿಗಿಗೆ ಅಷ್ಟ ಹಚ್ಚಲಿಲ್ಲ, ಡಾಕ್ಟರ್ ಫೀಗೂ, ಥೇಟರಿಗೂ ಹಚ್ಚಿದ್ರು. ತೊಂಬತ್ತು ಸಾವಿರದಾಗ ನೂರಕ್ಕ ನಲವತ್ತು, 36,000 ಅಲ್ಲಿ ಹೋತು. ರೂಮಿನಾಗ ಎಂಟು ಸಾವಿರ. ಕೂಡಿದ್ರ ನಲವತ್ನಾಕು. ಔಷಧ, ಪರೀಕ್ಷಾ ಮಾತ್ರ ಪೂರಾ ಬಂದಿದ್ವು.

ಅಂದ್ರ ಅಕ್ಕ ತಿಳಕೊಂಡಿದ್ದು 'ಹೆಚ್ಚಿಗಿ ಖರ್ಚಿಗೆ ತಕ್ಕಂಗ' ಅಂತ. ಕಂಪನಿಯವ್ರು ಅಂದದ್ದು 'ನಿಮ್ಮ ರೂಮಿನ ಮಿತಿಗೂ ನೀವು ಹಿಡಿದ ರೂಮಿಗೂ ಇರೂ ಅಂತರಕ್ಕ ತಕ್ಕಂಗ, ಇಡೀ ಬಿಲ್ಲಿನ ದೊಡ್ಡ ಭಾಗದಾಗ' ಅಂತ. ಶಬ್ದ ಒಂದ. 'ಯಾವುದಕ್ಕ' ಅನ್ನೂದು ಬದಲಾದ ಕೂಡಲೇ ಎಂಟು ಹೋಗಿ ನಲವತ್ನಾಕು ಆತು.

ಇದು ಮೋಸ ಅಂತ ಮೊದಲ ನಾನೂ ಬೈದೆ. ಪೂರಾ ಮೋಸ ಅಲ್ಲ. ಭಾಳಷ್ಟು ಆಸ್ಪತ್ರ್ಯಾಗ ರೂಮು ದೊಡ್ಡದಾದಂಗ ಅದ ಡಾಕ್ಟರು ಮಾಡೂ ಅದ ಆಪರೇಷನ್ನಿಗೂ ರೇಟು ಏರಸ್ತಾರ. ಜನರಲ್ ವಾರ್ಡಿಗೆ ಒಂದು, ಸ್ಪೆಷಲ್ ರೂಮಿಗೆ ಒಂದು. ಹಂಗಾಗಿ ಕಂಪನಿಯವ್ರು, ನೀವು ದೊಡ್ಡ ರೂಮು ಹಿಡಿದದ್ದಕ್ಕ ಏರಿದ ಬಿಲ್ಲು ನಾವ್ಯಾಕ ಕೊಡಬೇಕು ಅಂತಾರ. ಇಷ್ಟರ ಮಟ್ಟಿಗೆ ಅವರ ಮಾತೂ ಸರಿ. ಆದ್ರ ರೂಮು ಯಾವುದಿದ್ರೂ ಡಾಕ್ಟರ್ ಫೀ ಒಂದ ಇರೂ ಆಸ್ಪತ್ರ್ಯಾಗ? ಅಲ್ಲಿ ಆ ಕಾರಣನ ಇಲ್ಲ, ಕಡಿತ ಹೆಂಗ ಬಂತು? ಇದನ್ನ ಕೇಳಾಕ ನಾವೇನು ವಕೀಲರಾಗಬೇಕಾಗಿಲ್ಲ. 2020ರಾಗ ವಿಮಾ ನಿಯಂತ್ರಣ ಪ್ರಾಧಿಕಾರದವ್ರೂ ಅದನ್ನ ಹೇಳ್ಯಾರ: ರೂಮಿನ ಮ್ಯಾಲ ರೇಟ್ ಬದಲಾಗದ ಖರ್ಚಿಗೆ ಈ ಕಡಿತ ಹಚ್ಚಬಾರದು. ಔಷಧ, ಪರೀಕ್ಷಾ, ಒಳಗ ಹಾಕೂ ಉಪಕರಣಕ್ಕೂ ಹಚ್ಚಂಗಿಲ್ಲ, ಐಸಿಯು ಬಾಡಿಗಿಗೂ ಇಲ್ಲ. ಇಂಥಾ ಚಲೋ ನಿಯಮನೂ ಇಂಗ್ಲಿಷಿನಾಗ ಕುಂತೈತಿ. ಅಕ್ಕನಂಥಾಕಿಗೆ ಯಾರು ಹೇಳಬೇಕು?

ನನಗ ಭಾಳ ಬ್ಯಾಸರ ಆದದ್ದು ಬ್ಯಾರೆ. ಪ್ರಮಾಣ ಅನ್ನೂದು ನಮಗ ಹೊಸಾದಲ್ಲ. ದಿನಾ ಬೆಳಗಾದ್ರ ನಾವು ಮಾಡೂದು ಅದನ್ನ.

ನನ್ನ ತವರು ಬ್ಯಾಡಗಿ. ಅಲ್ಲಿಯ ಮೆಣಸಿನಕಾಯಿಗೆ 2011ರಾಗ ಜಿಐ ಟ್ಯಾಗ್ ಬಂದದ್ದು ನಿಮಗ ಗೊತ್ತು. ಕಡ್ಡಿ ಇರಲಿ, ಡಬ್ಬಿ ಇರಲಿ, ಬಣ್ಣ ಭಾಳ, ಖಾರ ಕಡಿಮಿ. ಆ ಬಣ್ಣ ತಗದು ಲಿಪ್‌ಸ್ಟಿಕ್ಕಿಗೂ ಉಗುರಿನ ಬಣ್ಣಕ್ಕೂ ಹಾಕ್ತಾರ. ಬರೇ ಬ್ಯಾಡಗಿ ಕುಟ್ಟಿಸಿದ್ರ ಪಲ್ಯ ಕಣ್ಣಿಗೆ ಕೆಂಪು, ನಾಲಿಗಿಗೆ ಸಪ್ಪಗ. ಅದಕ್ಕ ಗುಂಟೂರು ಕೂಡಸಬೇಕು. ನಮ್ಮವ್ವಂದು ಮೂರು ಕಿಲೋಕ್ಕ ಒಂದು ಕಿಲೋ. ವೈನಿ ಬಂದ ಮ್ಯಾಲ, ಹುಡುಗರಿಗೆ ಉರೀತೈತಿ ಅಂತ ನಾಕಕ್ಕ ಒಂದು ಆತು. ಅದಕ್ಕ ಮನ್ಯಾಗ ಒಂದು ಸಣ್ಣ ಯುದ್ಧನ ಆತು, ಆ ಕಥಿ ಈಗ ಬ್ಯಾಡ.

ಮೂರಕ್ಕ ಒಂದು ಅನ್ನೂದನ್ನ ಸಾಲ್ಯಾಗ ಅನುಪಾತ ಅಂತಾರ. ಆರಕ್ಕ ಎರಡು, ಒಂಬತ್ತಕ್ಕ ಮೂರು ಅಂತ ಹೊಂಟ್ರ ಅದು ಸಮಾನುಪಾತ. ನಮ್ಮ ಅಜ್ಜ ಇದನ್ನ ತ್ರೈರಾಶಿ ಅಂತಿದ್ರು, ಮೂರು ಗೊತ್ತಿದ್ರ ನಾಕನೇದು ಹುಡುಕೂ ಲೆಕ್ಕ. ನಮ್ಮ ನಾಡಿನಾಗ ಅದು ಇವತ್ತಿನದಲ್ಲ. ಒಂಬತ್ತನೇ ಶತಮಾನದಾಗ, ಅಮೋಘವರ್ಷ ನೃಪತುಂಗನ ಕಾಲಕ್ಕ ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಾಗ ತ್ರೈರಾಶಿಗೆ ಅಂತನ ಒಂದು ಅಧ್ಯಾಯ ಐತಿ.

ಇಂಗ್ಲಿಷಿನಾಗ ಇದಕ್ಕ ಎರಡು ಶಬ್ದ ಅದಾವು, ನನ್ನ ಮಗಳು ಒಂದನ್ನ ಬರಿಯೂ ಕಡಿ ಇನ್ನೊಂದು ಬರೀತಾಳ. ಪ್ರಪೋರ್ಷನಲ್ ಅಂದ್ರ ಹೆಚ್ಚು ಕಡಿಮಿ ಈ ತ್ರೈರಾಶಿ ಲೆಕ್ಕ, ಒಂದು ಎರಡರಷ್ಟಾದ್ರ ಇನ್ನೊಂದೂ ಎರಡರಷ್ಟು. ಪ್ರಪೋರ್ಷನೇಟ್ ಅಂದ್ರ ಆ ಲೆಕ್ಕನೂ ಆಗಬಹುದು, ಇಲ್ಲಾ ಬರೇ ಹದಕ್ಕ ಇರೂದೂ ಆಗಬಹುದು. ತಪ್ಪಿಗೆ ತಕ್ಕ ಶಿಕ್ಷಾ ಅನ್ನಾಕ ಕೋರ್ಟಿನವ್ರು ಈ ಎರಡನೇ ಶಬ್ದನ ಹೇಳ್ತಾರ. ಅಲ್ಲಿ ಯಾರೂ ಗುಣಾಕಾರ ಮಾಡಂಗಿಲ್ಲ, ತೂಗಿ ನೋಡ್ತಾರ.

ಈ ಅಂತರ ಅಡಿಗಿ ಮಾಡೋರಿಗೆ ಹೇಳಿಕೊಡೂದು ಬ್ಯಾಡ. ಹತ್ತು ಮಂದಿಗೆ ಮಾಡೂ ಸಾರಿಗೆ ನಾಕು ಲವಂಗ ಹಾಕಿದ್ರ, ಇನ್ನೂರು ಮಂದಿಗೆ ಎಂಬತ್ತು ಹಾಕಿ ನೋಡ್ರಿ, ಯಾರೂ ಉಣ್ಣಂಗಿಲ್ಲ. ಅಕ್ಕಿ ಎರಡರಷ್ಟಾದ್ರ ನೀರು ಎರಡರಷ್ಟು ಹಿಡಿಯಂಗಿಲ್ಲ, ಒಂದೀಟು ಕಡಿಮಿ ಸಾಕು. ಜ್ವಾಳದ ಹಿಟ್ಟಿಗಂತೂ ಅಳತಿನ ಇಲ್ಲ. ಹಿಟ್ಟು ಕೇಳಿದಷ್ಟು ನೀರು ಅಂತೀವಿ. ಹೊಸಾ ಜ್ವಾಳ ಒಂದು ಕೇಳ್ತೈತಿ, ಹಳೇದು ಒಂದು ಕೇಳ್ತೈತಿ. ಅದನ್ನ ಹಿಡಿಯೂ ಕೈ ಇದ್ದಾಕಿ ಒಂದು ಇಂಗ್ಲಿಷ್ ಶಬ್ದಕ್ಕ ಅಂಜಿ 'ದೊಡ್ಡೋರು ಬರದಾರ, ಸರಿನ ಇರಬೇಕು' ಅಂತ ಕಾಗದ ಮಡಚಿ ಇಟ್ರ ಹೆಂಗ?

ಮತ್ತೊಂದು. ಪ್ರಪೋರ್ಷನೇಟ್ ಅಂದ್ರ ಸಮಾ ಅಲ್ಲ. ಇವೆರಡನ್ನೂ ಕಲಸಿ ಮಾತಾಡೋರು ಭಾಳ. ನಮ್ಮ ಓಣ್ಯಾಗ ಗಣಪತಿ ಪಟ್ಟಿ ಎತ್ತುವಾಗ ಮನಿಗೆ ಐನೂರು ಅಂತ ಮಾಡಿದ್ರು. ಬಂಗಾರದ ಅಂಗಡಿಯವರ ಮನಿಗೂ ಐನೂರು, ಹೂವು ಕಟ್ಟಿ ಮಾರೂ ಮುದುಕಿಗೂ ಐನೂರು. ಇದು ಸಮಾ. ಗಳಿಕಿಗೆ ತಕ್ಕಂಗ ಇಡ್ರಿ ಅಂತ ನಾನು ಅಂದ್ರ ಒಬ್ರು "ಹಂಗಾದ್ರ ಸಮಾನತೆ ಎಲ್ಲಿ ಉಳೀತ್ರಿ?" ಅಂದ್ರು. ಪ್ರಸಾದನೂ ಪಟ್ಟಿಗೆ ತಕ್ಕಂಗ ಕೊಡ್ತೀರೇನು ಅಂತ ಆ ಮುದುಕಿನ ಕೇಳಿದ್ಲು, ಎಲ್ಲಾರೂ ನಕ್ಕು ಸುಮ್ಮನಾದ್ರು. ಆಕಿ ಕೊಟ್ಟದ್ದು ಐವತ್ತು.

ಕೆಲವು ಕಡಿ ಸಮಾ ಅನ್ನೂದ ನ್ಯಾಯ. ಅಲ್ಲಿ ತಕ್ಕಂಗ ಅನ್ನೂ ಮಾತು ಬಂದ್ರ ಹುಷಾರಿರಬೇಕು. 2005ರ ತಿದ್ದುಪಡಿ ಆದ ಮ್ಯಾಲ ಹಿಂದೂ ಮನೆತನದ ಪಿತ್ರಾರ್ಜಿತ ಆಸ್ತ್ಯಾಗ ಮಗಳಿಗೂ ಮಗನಷ್ಟ ಹಕ್ಕು ಐತಿ. ಹಂಗಿದ್ದಾಗ ಯಾರರ ಕಾಗದ ತಂದು, ಅಕ್ಕ ತಂಗೇರಿಗೆ ಪ್ರಪೋರ್ಷನೇಟ್ ಶೇರ್ ಅಂತ ಬರದು, ಇಲ್ಲೊಂದು ಸಹಿ ಮಾಡವ್ವಾ ಅಂದ್ರ, ಪೆನ್ನು ಕೆಳಗಿಟ್ಟು ಕೇಳ್ರಿ. ಯಾವುದಕ್ಕ ತಕ್ಕಂಗ? ಮದುವ್ಯಾಗ ಹಾಕಿದ ಬಂಗಾರ ಕಳೆದೇನು? ಅಪ್ಪನ್ನ ನೋಡಿಕೊಂಡ ವರ್ಷ ಎಣಿಸೇನು? ಅದನ್ನೂ ಎಣಿಸೂದಾದ್ರ ಹಾಸಿಗಿ ಹಿಡಿದ ಅವ್ವನ್ನ ಯಾರು ತೊಳೆದ್ರು ಅನ್ನೂದನ್ನೂ ಎಣಿಸಬೇಕಾಗ್ತೈತಿ. ನಾನು ಯಾರ ಮನಿ ಜಗಳಾ ಹಚ್ಚಾಕತ್ತಿಲ್ಲ. ಕೇಳ್ರಿ ಅಂತೀನಿ ಅಷ್ಟ.

ನಮ್ಮ ಪೇಪರಿನವ್ರು ಈ ವಿಷಯದಾಗ ಭಾಳ ಚಲೋ ಕೆಲಸ ಮಾಡ್ಯಾರ, ಅದನ್ನ ಹೇಳಬೇಕು. ಲೋಕಾಯುಕ್ತ ದಾಳಿ ಸುದ್ದಿ ಓದ್ತೀರಲ್ಲ. ಇಂಗ್ಲಿಷ್ ಪೇಪರಿನಾಗ ಡಿಸ್‌ಪ್ರಪೋರ್ಷನೇಟ್ ಅಸೆಟ್ಸ್ ಅಂತ ಬಾಲ ಕತ್ತರಿಸಿದ ಮಾತು ಇರ್ತೈತಿ. ಕಾಯ್ದೆದಾಗ ಅದು ಪೂರಾ ಐತಿ, ಗೊತ್ತಿರೂ ಆದಾಯದ ಮೂಲಕ್ಕ ಹೊಂದದ ಆಸ್ತಿ ಅಂತ. ಕನ್ನಡ ಪೇಪರಿನವ್ರು ಶಬ್ದಕ್ಕ ಶಬ್ದ ಇಟ್ಟು 'ಅಸಮಾನುಪಾತದ ಆಸ್ತಿ' ಅಂತ ಬರಿಯಲಿಲ್ಲ. 'ಆದಾಯ ಮೀರಿದ ಆಸ್ತಿ' ಅಂದ್ರು. ಯಾವುದನ್ನ ಮೀರಿ ಅನ್ನೂದು ಅದರೊಳಗ ಬಂತು. ಸಂತ್ಯಾಗ ತರಕಾರಿ ಮಾರಾಕಿಗೂ ತಿಳೀತೈತಿ. ವಿಮಾದವ್ರೂ ಹಂಗ 'ರೂಮಿನ ಮಿತಿ ಮೀರಿದ್ದಕ್ಕೆ ಬಿಲ್ಲಿನಲ್ಲಿ ಕಡಿತ' ಅಂತ ಪಾಲಿಸಿ ಕೊಡುವಾಗನ ಒಂದು ಸಾಲು ಬರದಿದ್ರ ಭಾವ ಆ ರೂಮಿನ ಕಡಿ ಹೊಳ್ಳಿ ನೋಡ್ತಿರಲಿಲ್ಲ.

ಅಂಥಾ ಒಂದು ದೊಡ್ಡ ಕೇಸು ನಮ್ಮ ಬೆಂಗಳೂರಿನಾಗ ನಡೀತು, ಜಯಲಲಿತಾ ಅವರದು. 2014ರಾಗ ವಿಶೇಷ ಕೋರ್ಟಿನಾಗ ಶಿಕ್ಷಾ ಆತು. 2015ರ ಮೇ ತಿಂಗಳದಾಗ ಹೈಕೋರ್ಟು, ಆದಾಯಕ್ಕಿಂತ ಹೆಚ್ಚಿರೂ ಆಸ್ತಿ ನೂರಕ್ಕ 8.12 ಅಷ್ಟ, ಹತ್ತರ ಒಳಗ ಐತಿ ಅಂತ ಬಿಡ್ತು. ಸಾಲದ ಮೊತ್ತ ಕೂಡಿಸೂದರಾಗ 13.5 ಕೋಟಿ ವ್ಯತ್ಯಾಸ ಐತಿ ಅಂತ ಸರಕಾರಿ ವಕೀಲರು ತೋರಿಸಿದ್ರು. 2017ರಾಗ ಸುಪ್ರೀಂ ಕೋರ್ಟು ಮೊದಲಿನ ತೀರ್ಪನ್ನ ಎತ್ತಿ ಹಿಡೀತು, ಅಷ್ಟರಾಗ ಅವರು ತೀರಿಕೊಂಡಿದ್ರು. ರಾಜಕೀಯ ನನಗ ಬ್ಯಾಡ. ಯಾವುದಕ್ಕ ಹೋಲಿಸಿ ಎಷ್ಟು ಅನ್ನೂ ಲೆಕ್ಕ ಅಂಥಾ ದೊಡ್ಡ ಕಡಿಗೂ ಮತ್ತೊಮ್ಮೆ ನೋಡಬೇಕಾಗ್ತೈತಿ. ಅಕ್ಕನ ಬಿಲ್ಲು ನಾವ್ಯಾಕ ಮತ್ತೊಮ್ಮೆ ನೋಡಬಾರದು ಅಂತ ನನಗ ಅನಿಸಿದ್ದು ಅವಾಗ.

ಹಂಗಾಗಿ ಹೋದ ವಾರದ ಹಿಂದಿನ ವಾರ ನಾನೂ ಅಕ್ಕನೂ ದಾವಣಗೆರಿಗೆ ಹೋದ್ವಿ. ಬಸ್ಸಿನ್ಯಾಗ ಹೋಗುವಾಗ ಅಕ್ಕ ಒಂದ ಸವನ, "ಸುಮ್ಮನ ಬಸ್ ಚಾರ್ಜು ದಂಡ" ಅಂತಿದ್ಲು. ಆಸ್ಪತ್ರಿಯ ಬಿಲ್ಲಿನ ಕೌಂಟರಿನಾಗ, ಯಾವ ರೂಮಿಗೆ ಯಾವ ರೇಟು ಅನ್ನೂ ಪಟ್ಟಿ ಕೊಡ್ರಿ ಅಂತ ಕೇಳಿದ್ವಿ. ಮೊದಲ ಇಲ್ಲ ಅಂದ್ರು, ಆಮ್ಯಾಲ ಒಬ್ಬ ಹುಡುಗಿ ಪ್ರಿಂಟ್ ತಗದು ಕೊಟ್ಟಳು, ಆಕಿಗೆ ಪುಣ್ಯ ಬರಲಿ. ಅದರಾಗ ನೋಡಿದ್ರ ಥೇಟರ್, ನರ್ಸಿಂಗ್ ರೇಟು ರೂಮಿನ ಮ್ಯಾಲ ಬ್ಯಾರೆ ಬ್ಯಾರೆ ಅದಾವು. ಡಾಕ್ಟರ್ ಫೀ, ಅರವಳಿಕೆಯವರ ಫೀ ಮಾತ್ರ ಎಲ್ಲಾ ರೂಮಿಗೂ ಒಂದ. ಅವೆರಡೂ ಕೂಡಿ 50,000. ಅದರಾಗ ಕಡಿದ ನೂರಕ್ಕ ನಲವತ್ತು ಅಂದ್ರ 20,000 ರೂಪಾಯಿ ಹೊಳ್ಳಿ ಬರಬೇಕು.

ಬಸ್‌ಸ್ಟ್ಯಾಂಡಿನ ಕಟ್ಟಿ ಮ್ಯಾಲ ಕುಂತು ಪತ್ರ ಬರದ್ವಿ. ನಾನು ಇಂಗ್ಲಿಷಿನಾಗ ಶುರು ಮಾಡಿದ್ದೆ. ಅಕ್ಕ ಕಸಗೊಂಡು, ಕನ್ನಡದಾಗ ಬರಿ, ನಾ ಹೇಳ್ತೀನಿ ಅಂದ್ಲು. "ನೀವು ಪ್ರಪೋರ್ಷನೇಟ್ ಎಂದು ಬರೆದೀರಿ. ಯಾವುದಕ್ಕೆ ಎಂದು ಬರೆದಿಲ್ಲ. ರೂಮು ಯಾವುದಿದ್ದರೂ ಡಾಕ್ಟರ ಫೀ ಒಂದೇ ಇದೆ, ಪಟ್ಟಿ ಜೊತೆಗೆ ಇಟ್ಟಿದ್ದೇವೆ. ಅದರಲ್ಲಿ ಯಾಕೆ ಕಡಿದಿರಿ ತಿಳಿಸಬೇಕು." ಇಷ್ಟ. ನಾನು ಇಂಗ್ಲಿಷ್ ಪ್ರತಿ ಒಂದು ಬ್ಯಾರೆ ಬರದು ಎರಡೂ ಕೂಡಿಸಿದೆ. ರಾಣೆಬೆನ್ನೂರು ಪೋಸ್ಟ್ ಆಫೀಸಿನಾಗ ರಿಜಿಸ್ಟರ್ ಮಾಡಿಸಿ, ರಸೀದಿ ಅಕ್ಕ ತನ್ನ ಕುಂಕುಮದ ಡಬ್ಬಿ ಕೆಳಗ ಇಟ್ಟಾಳ.

ತಿಂಗಳೊಳಗ ಉತ್ತರ ಬರದಿದ್ರ, ಇಲ್ಲಾ ಬಂದ ಉತ್ತರ ಸರಿ ಅನಸದಿದ್ರ, ಬೆಂಗಳೂರಿನಾಗ ವಿಮಾ ಲೋಕಪಾಲರು ಅದಾರ, ಅವರಿಗೆ ದೂರು ಕೊಡಬಹುದು. ಅದಕ್ಕ ಫೀ ಇಲ್ಲ, ವಕೀಲರೂ ಬೇಕಾಗಿಲ್ಲ. ಆದ್ರ ಮೊದಲ ಕಂಪನಿಗೆ ಬರದ ಪತ್ರದ ಪ್ರತಿ ಇರಬೇಕು, ಅದಕ್ಕ ರಸೀದಿ ಕಳಕೊಬ್ಯಾಡ್ರಿ. ಮತ್ತ ಯಾರರ ಆಸ್ಪತ್ರಿಗೆ ಹೊಂಟಿದ್ರ, ರೂಮು ಹಿಡಿಯೂಕಿಂತ ಮೊದಲ ಪಾಲಿಸ್ಯಾಗ ರೂಮಿನ ಮಿತಿ ಎಷ್ಟೈತಿ ನೋಡ್ರಿ. ಓದಾಕ ಬರದಿದ್ರ ನನಗ ಫೋಟೋ ಕಳಸ್ರಿ. ಈ ಸಲ ಓದಿ ಹೇಳ್ತೀನಿ.

ಪತ್ರ ಹೋಗಿ ಇವತ್ತಿಗೆ ಹನ್ನೊಂದು ದಿನ. ಹತ್ತು ಸಾವಿರ ಬಂದ್ರೂ ಸಾಕು ಅಂತಾರ ಭಾವ. ಅಕ್ಕ ಒಪ್ಪವಲ್ಲಳು, ಇಪ್ಪತ್ತು ಅಂದ್ರ ಇಪ್ಪತ್ತು ಅಂತ ಕುಂತಾಳ.